ಮಷೀನ್ ಓಡಿದ ಹೊತ್ತು

ಇಂದುಮತಿಯ ಸ್ಟಿಕ್ಕರ್ ಅಂಗಡಿ ಇದ್ದದ್ದು ಸಾಹುಕಾರರ ಕಟ್ಟಡದಲ್ಲಿ, ಬಾಡಿಗೆಗೆ. ಅವರ ಬೋರ್ಡುಗಳನ್ನೆಲ್ಲ ಮಾಡಿಕೊಡುತ್ತಿದ್ದವಳು ಅವಳೇ. ಅವರು ಮಾತ್ರ ವಿನೈಲ್ ಹಾಳೆಯ ಬೆಲೆಯಷ್ಟನ್ನೇ ಕೊಡುತ್ತಿದ್ದರು.

"ಅಕ್ಷರ ಕತ್ತರಸೂದು ಮಷೀನು, ನೀ ಸುಮ್ನ ಕುಂತಿರ್ತಿ. ಅದಕ್ಯಾಕ ಕೂಲಿ?" ಎನ್ನುತ್ತಿದ್ದರು.

ಮಾಲೀಕರಿಗೆ ಎದುರಾಡುವುದುಂಟೇ? ಅವರ ಕೆಲಸ ಮುಗಿಯುವಷ್ಟರಲ್ಲಿ ಬೇರೆ ಗಿರಾಕಿಗಳು ಕಾದು ಕಾದು ಎದ್ದುಹೋಗುತ್ತಿದ್ದರು. ಇಂದುಮತಿ ನುಂಗಿಕೊಳ್ಳುತ್ತಿದ್ದಳು.

ಆ ದಿನ ಸಾಹುಕಾರರು ಮತ್ತೆ ಬಂದರು. "ದೊಡ್ಡ ಬೋರ್ಡ್ ಬೇಕು, ತಂಗಿ. ಇವತ್ತ ಆಗಬೇಕು."

ಇಂದುಮತಿ ಅಂದೇಬಿಟ್ಟಳು: "ಸಾವಕಾರ್ರ, ಈ ಸಲ ಮಷೀನ್ ಓಡಿದ ಹೊತ್ತಿಗೂ ರೊಕ್ಕ ಹಿಡೀತೀನ್ರಿ. ಅದು ಓಡೂತನಕ ನನಗ ಬ್ಯಾರೆ ದುಡಿಮಿ ಇಲ್ರಿ."

ಬೈಗುಳಕ್ಕೆ ಸಿದ್ಧವಾಗಿ ನಿಂತಳು. ಅವರು ತಲೆ ತಗ್ಗಿಸಿದರು.

"ಖರೇ ಅದ. ಹಿಡಿ. ಹಿಂದಿಂದೂ ಸೇರಸು."

ಅವಳಿಗೆ ನಂಬಲಾಗಲಿಲ್ಲ. ಅವರ ಮನಸ್ಸು ಬದಲಾದೀತೆಂದು ಲಗುಬಗೆಯಿಂದ ಕಂಪ್ಯೂಟರಿನ ಮುಂದೆ ಕುಳಿತಳು. "ಏನಂತ ಬರೀಲ್ರಿ?"

"ಮಳಿಗೆ ಬಾಡಿಗೆಗಿದೆ."

"ಯಾವ ಮಳಗಿರಿ?"

ಸಾಹುಕಾರರು ಬಾಗಿಲ ಕಡೆ ತಿರುಗಿಕೊಂಡು ಹೇಳಿದರು: "ಇದ, ತಂಗಿ."