ವಾರಿಜಾಳ ಟ್ಯೂಬು

ವಾರಿಜಾಳ ಪ್ರೋಟೀನೇ ಗೆದ್ದುಬಿಟ್ಟರೆ, ತಾನು ಈ ಲ್ಯಾಬಿನಲ್ಲಿ ಐದು ವರ್ಷ ಸವೆಸಿದ್ದು ಯಾತಕ್ಕೆ? ಶ್ವಾಸಕೋಶಕ್ಕೆ ಎರಗುವ ಮಾರಕ ವೈರಸ್ಸನ್ನು ತಡೆಯಲು ಅವನೂ ವಾರಿಜಾಳೂ ಕಂಪ್ಯೂಟರಿನಲ್ಲಿ ಒಂದೊಂದು ಪ್ರೋಟೀನ್ ರೂಪಿಸಿದ್ದರು. ಗೆದ್ದದ್ದು ಮಾತ್ರ ಔಷಧವಾಗಲು ಮುಂದೆ ಹೋಗುತ್ತಿತ್ತು. ಗೈಡ್ ಮೇಡಂ ಮೊದಲಿನಿಂದಲೂ ಅವಳದನ್ನೇ ಹೊಗಳುತ್ತಿದ್ದರು.

ಎರಡೂ ಪ್ರೋಟೀನ್ ಟ್ಯೂಬುಗಳ ಪರೀಕ್ಷೆಯ ಫಲಿತಾಂಶ ನೋಡಿ ಮೇಡಂ ತಲೆಯೆತ್ತಿದರು. "ವಾರಿಜಾ, ನಿನ್ನ ಹೆಸರಿನ ಟ್ಯೂಬು ವೈರಸ್ಸನ್ನ ಪೂರ್ತಿ ತಡೆದಿದೆ. ಇವನದು ಏನೂ ಮಾಡಿಲ್ಲ."

ವಾರಿಜಾ ಅವನತ್ತ ತಿರುಗಿದಳು. "ನಿಂದೇ ಗೆಲ್ಲುತ್ತೆ ಅಂದ್ಕೊಂಡಿದ್ದೆ ಕಣೋ. ನಿಜವಾಗ್ಲೂ."

"ಸಾಕು ಸುಮ್ನಿರೇ. ಸ್ವೀಟ್ ಯಾವಾಗ ಕೊಡಿಸ್ತೀಯ ಹೇಳು," ಎಂದು ಅವನು ನಕ್ಕ.

ಹಿಂದಿನ ವಾರ ಎಲ್ಲರೂ ಊಟಕ್ಕೆ ಹೋಗಿದ್ದಾಗ, ಅವಳ ಗೆಲುವು ತನ್ನದಾಗಲೆಂದು ಎರಡೂ ಟ್ಯೂಬುಗಳ ಲೇಬಲ್ ಅದಲುಬದಲು ಮಾಡಿದ್ದನ್ನು ಅವನು ಯಾರಿಗೂ ಹೇಳಲಿಲ್ಲ.