ಬೆಲ್ಲದ ನೀರು ಚಿಮುಕಿಸಿದ ಹುಲ್ಲು

ಸೂರ್ಯ ಬೂದಿಮೋಡದ ಹಿಂದೆ ಮರೆಯಾಗಿ ಒಂಬತ್ತು ವರ್ಷವಾಗಿತ್ತು. ಮೈಸೂರಿನ ಜಟಕಾ ಸ್ಟ್ಯಾಂಡಿಗೆ ಬರುವ ಹುಲ್ಲೆಲ್ಲ ಈಗ ಬಿಸಿಲಿನಲ್ಲಲ್ಲ, ಬಿಸಿಗಾಳಿಯ ಕೋಣೆಯಲ್ಲಿ ಒಣಗಿದ್ದು. ಅದು ಕುದುರೆಯ ಹೊಟ್ಟೆ ತುಂಬಿಸುತ್ತಿತ್ತೇ ಹೊರತು ಮೂಳೆಗೆ ಏನನ್ನೂ ಕೊಡುತ್ತಿರಲಿಲ್ಲ. ಮನುಷ್ಯರಿಗಾದರೆ ಪ್ರತಿ ಸೋಮವಾರ, ಬಿಸಿಲು ಕೊಡುತ್ತಿದ್ದ ವಿಟಮಿನ್ ತುಂಬಿದ ಒಂದು ಬಿಸಿಲುಗುಳಿಗೆ ಸಿಗುತ್ತಿತ್ತು.

ಜಟಕಾ ಓಡಿಸುವ ಗೌಸ್ ಪೀರ್ ತಮ್ಮ ಗುಳಿಗೆಯನ್ನು ಪುಡಿಮಾಡಿ, ಬೆಲ್ಲದ ನೀರಿಗೆ ಬೆರೆಸಿ, ತಮ್ಮ ಕುದುರೆ ಶಬನಂಳ ಹುಲ್ಲಿಗೆ ಚಿಮುಕಿಸುತ್ತಿದ್ದರು. ಮನುಷ್ಯರ ಗುಳಿಗೆಯನ್ನು ಪ್ರಾಣಿಗೆ ಹಾಕುವುದು ಅಪರಾಧ; ಸಿಕ್ಕಿಬಿದ್ದರೆ ಸರ್ಕಾರದವರು ಕುದುರೆಯನ್ನೇ ಹಿಡಿದುಕೊಂಡು ಹೋಗುತ್ತಾರೆಂದು ಅವರಿಗೆ ಗೊತ್ತಿತ್ತು.

ಕುದುರೆಗಳ ತಪಾಸಣೆಗೆ ಬಂದ ಸರ್ಕಾರಿ ಪಶುವೈದ್ಯೆ ಡಾಕ್ಟರ್ ವನಮಾಲಾ ಶಬನಂಳ ರಕ್ತ ನೋಡಿದರು, ಹುಲ್ಲನ್ನು ಮೂಸಿದರು.

"ಚಾಚಾ, ಈ ಹುಲ್ಲಲ್ಲಿ ವಿಟಮಿನ್ನೇ ಇಲ್ಲ. ಇವಳ ರಕ್ತಕ್ಕೆ ಎಲ್ಲಿಂದ ಬಂತು?"

"ಬೆಲ್ಲದ ನೀರು ಹಾಕ್ತೀನಲ್ಲಮ್ಮ. ನಮ್ಮ ಅಬ್ಬಾನೂ ಹಂಗೇ ಮಾಡೋರು," ಎನ್ನುತ್ತ ಏಳಲು ಹೋದ ಗೌಸ್ ಪೀರರಿಗೆ ಮಂಡಿ ಕೈಕೊಟ್ಟಿತು. ಶಬನಂಳ ಕತ್ತು ಹಿಡಿದು ಹೇಗೋ ನಿಂತರು.

ವನಮಾಲಾ ಆ ಮಂಡಿಯನ್ನೇ ನೋಡಿದರು. ತಪಾಸಣೆಯ ಪುಸ್ತಕದಲ್ಲಿ 'ಬೆಲ್ಲದ ನೀರು' ಎಂದು ಬರೆದುಕೊಂಡರು. ಆಮೇಲೆ ಪರ್ಸಿನಿಂದ ತಮ್ಮ ಆ ವಾರದ ಗುಳಿಗೆ ತೆಗೆದರು. ಅದನ್ನು ಗೌಸ್ ಪೀರರ ಕೈಗೆ ಮಾತ್ರ ಕೊಡಲಿಲ್ಲ.

"ಬಾಯಿ ತೆಗೀರಿ ಚಾಚಾ," ಎಂದರು. "ನೀವು ನುಂಗೋವರ್ಗೂ ನಾನಿಲ್ಲೇ ನಿಂತಿರ್ತೀನಿ."