ರಾಕ್ಷಸಿಯ ಮುಖ

ಅತ್ತೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕಂಕುಳಲ್ಲಿ ಪುಸ್ತಕವಿತ್ತು.

ಚಿತ್ರಕಾರ ಬ್ರಷ್ಷನ್ನು ನೀರಿಗೆ ಅದ್ದುವ ಬದಲು ಚಹಾದ ಲೋಟಕ್ಕೆ ಅದ್ದಿದ. ಬೆಳಿಗ್ಗೆಯೇ ಹೆಂಡತಿ ಎಚ್ಚರಿಸಿದ್ದಳು: “ರೀ, ಅಮ್ಮ ಮುಖ ಊದಿಸಿಕೊಂಡು ಕೂತಿದ್ದಾಳೆ. ಮೇಲಿನ ಕೋಣೆ ವಿಷಯ ಇವತ್ತೇ ತೀರ್ಮಾನ ಆಗಬೇಕಂತೆ. ಏನು ಮಾಡಿದ್ರಿ?”

ಏನು ಮಾಡಿದ್ದ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಅವನು. ಪುಸ್ತಕ ಕಂಡದ್ದೇ ತಡ, ಕೈ ಹೆಗಲಿಗೆ ಹೋಯಿತು.

ಒಂದು ಕಾಲಕ್ಕೆ ಅವನು ಗಂಭೀರ ಕಲಾವಿದ. ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಕ್ಯಾನ್ವಾಸಿನ ಮೇಲೆ ಶೂನ್ಯವನ್ನು ಬರೆಯುತ್ತಿದ್ದ. ಪ್ರದರ್ಶನಕ್ಕೆ ಬಂದವರು ಶೂನ್ಯವನ್ನು ನೋಡಿ, ಶೂನ್ಯವನ್ನೇ ಕೊಟ್ಟು ಹೋಗುತ್ತಿದ್ದರು. ಒಬ್ಬ ವಿಮರ್ಶಕ ಮಾತ್ರ ಒಂದು ಚಿತ್ರದ ಮುಂದೆ ಬಹಳ ಹೊತ್ತು ಧ್ಯಾನಸ್ಥನಾಗಿ ನಿಂತಿದ್ದ. ವಿಚಾರಿಸಿದರೆ, ಫ್ಯಾನು ಇದ್ದದ್ದು ಅಲ್ಲಿ ಮಾತ್ರ.

ಮದುವೆಯಾದ ಮೇಲೆ ಅತ್ತೆ ತಮ್ಮ ಮನೆಯ ಮೇಲಿನ ಕೋಣೆ ಬಿಟ್ಟುಕೊಟ್ಟರು. ಉತ್ತರಕ್ಕೆ ದೊಡ್ಡ ಕಿಟಕಿ. ಸಂಜೆಯವರೆಗೂ ಬಣ್ಣದ ನಿಜ ಹೇಳುವ ಬೆಳಕು. ಅದು ಕೈತಪ್ಪಿದರೆ ಅಡುಗೆಮನೆಯ ಮೂಲೆಯ ಟ್ಯೂಬ್‌ಲೈಟೇ ಗತಿ; ಅದರಡಿ ಹಸಿರು ಯಾವುದು, ನೀಲಿ ಯಾವುದು ಎಂದು ಬ್ರಹ್ಮನಿಗೂ ತಿಳಿಯದು. ಆ ಕೋಣೆಯಲ್ಲಿ ಕೂತು, ಹೊಟ್ಟೆಪಾಡಿಗೆಂದು ಮಕ್ಕಳ ಪುಸ್ತಕಕ್ಕೆ ಕೈಹಾಕಿದ.

ಮೊದಮೊದಲು ಎಡವಟ್ಟೇ. ಅವನ ಮೊಲ ತೆರಿಗೆ ಅಧಿಕಾರಿಯಂತೆ ಕಾಣುತ್ತಿತ್ತು. ರಾಜಕುಮಾರಿಗೆ ಹಲ್ಲುನೋವು ಬಂದಂತಿತ್ತು. ಪ್ರಕಾಶಕ ಬೋಳುತಲೆ ಸವರಿಕೊಂಡು ಹೇಳಿದ: “ಊಹೆಯಿಂದ ಬರೆಯೋದು ನಿನ್ನ ಹಣೆಯಲ್ಲಿ ಬರೆದಿಲ್ಲಪ್ಪ. ಕಣ್ಣೆದುರಿಗೆ ಯಾರನ್ನಾದರೂ ಇಟ್ಟುಕೊಂಡು ಬರಿ.”

ಕಣ್ಣೆದುರಿಗೆ ಅತ್ತೆ ಇದ್ದರು.

ತಲೆಗೆ ನೀರು ಹಾಕಿಕೊಂಡ ದಿನ ಅವರು ಕೂದಲೊಣಗಿಸಲು ಕೋಣೆಯ ಬಾಗಿಲಿಗೆ ಎದುರಾಗಿ, ಕಿಟಕಿಯ ಬೆಳಕು ಮುಖಕ್ಕೆ ಬೀಳುವಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಗಾಳಿಗೆ ಕೆದರಿದ ಬಿಳಿಕೂದಲು, ಬಿಲ್ಲಿನಂಥ ಹುಬ್ಬು, ತುಟಿ ದಾಟಿ ಹೊರಗಿಣುಕುವ ಒಂದೇ ಒಂದು ಕೋರೆಹಲ್ಲು. ಆಮೇಲೆ ಆಕಳಿಕೆ. ಅದೇನು ಸಾಮಾನ್ಯ ಆಕಳಿಕೆಯೇ? ರಾಗ ಹಿಡಿದು ಪದ್ಯ ಓದುವವರ ಕೊನೆಯ ಸ್ವರದಂತೆ, ಎಳೆದಷ್ಟೂ ಮುಗಿಯದ್ದು. ಚಿತ್ರಕಾರ ಬಾಗಿಲ ಸಂದಿಯಿಂದ ಕದ್ದು ನೋಡಿ ಕಿರುನಾಲಿಗೆಯವರೆಗೂ ಬರೆದುಕೊಂಡ.

ಅದೇ ಮುಖದ ರಾಕ್ಷಸಿ ಅವನ ಕೈಹಿಡಿದಳು. ಮಕ್ಕಳು ಹೆದರಿ ದಿಂಬಿನಡಿ ತಲೆ ಹುದುಗಿಸಿದರು, ಮತ್ತೆ ಅದೇ ಪುಟ ತೆಗೆಸಿದರು. ಅವಳು ಒಂದು ಪುಸ್ತಕದಲ್ಲಿ ಮೋಡ ನುಂಗಿದಳು, ಇನ್ನೊಂದರಲ್ಲಿ ಶಾಲೆ ನುಂಗಿದಳು, ಮತ್ತೊಂದರಲ್ಲಿ ಇಡೀ ರೈಲು ನುಂಗಿ ಅಳಿಯನಿಗೆ ಪ್ರಶಸ್ತಿ ತಂದಳು. ಅವನು ಮೇಜನ್ನು ಆಚೆ ಸರಿಸಿದರೆ ಅತ್ತೆಯ ಕುರ್ಚಿಯೂ ಆಚೆ ಸರಿಯುತ್ತಿತ್ತು. ಪಾಪ, ಗಾಳಿ ಬೇಕಲ್ಲ ಅಂದುಕೊಂಡ. ದಂತವೈದ್ಯರು ಆ ಕೋರೆಹಲ್ಲನ್ನು ಕಿತ್ತುಬಿಡೋಣ ಎಂದಾಗ ಅತ್ತೆ, “ಅದೊಂದು ಇರಲಿ ಬಿಡಿ, ಕೆಲಸಕ್ಕೆ ಬರುತ್ತೆ” ಎಂದು ಎದ್ದು ಬಂದಿದ್ದರು. ಅವನು ದೇವರಿಗೆ ಕೈಮುಗಿದಿದ್ದ.

ಅಚ್ಚಾದ ಪುಸ್ತಕಗಳು ಅತ್ತೆಯ ಕಪಾಟು ಸೇರುತ್ತಿದ್ದವು. ಅವರು ತೆರೆದು ನೋಡಿದ್ದನ್ನು ಅವನು ಕಂಡಿರಲಿಲ್ಲ. ಅದೇ ಅವನ ಧೈರ್ಯ.

ಧೈರ್ಯ ಕೆಡಿಸಿದವಳು ಹೆಂಡತಿ. ಒಮ್ಮೆ ಪುಟ ತಿರುವುತ್ತಾ, “ರೀ, ಈ ಹಲ್ಲು ಎಲ್ಲೋ ನೋಡಿದ ಹಾಗಿದೆಯಲ್ಲ” ಎಂದುಬಿಟ್ಟಳು. ಅವನು ಅಂದೇ ಎಚ್ಚೆತ್ತ. ಹೊಸ ಪುಸ್ತಕವನ್ನು ಬಾಗಿಲು ಹಾಕಿಕೊಂಡು, ಯಾರನ್ನೂ ನೋಡದೆ, ಮನಸ್ಸಿನಿಂದಲೇ ಬರೆದ. ಹೊರಗೆ ಕುರ್ಚಿ ಎಳೆದ ಸದ್ದು ಕೇಳಿಸಿತು, ಕೆಮ್ಮಿದ ಸದ್ದು ಕೇಳಿಸಿತು. ತೆರೆಯಲಿಲ್ಲ. ಈ ರಾಕ್ಷಸಿಗೆ ದುಂಡು ಮುಖ, ಗುಳಿ ಬೀಳುವ ಕೆನ್ನೆ, ಮೂಗಿನ ತುದಿಗೆ ಜಾರಿದ ಕನ್ನಡಕ, ನಗುನಗುತ್ತಲೇ ನುಂಗುವವಳು. “ಇವಳು ಅವಳಿಗಿಂತ ಭಯಂಕರ. ಕೊನೆಗೂ ಊಹೆ ಬಂತಲ್ಲಯ್ಯ ನಿನಗೆ” ಎಂದು ಪ್ರಕಾಶಕ ಬೆನ್ನು ತಟ್ಟಿದ.

ಆದರೆ ಹಳೆಯ ಪುಸ್ತಕಗಳು ಕಪಾಟಿನಲ್ಲೇ ಇದ್ದವಲ್ಲ. ನಿನ್ನೆ ಸಂಜೆ ಅವನ ತಾಯಿ ಬಂದು ಹೋಗಿದ್ದರು. ಬೀಗಿತ್ತಿಯರಿಬ್ಬರಿಗೂ ಎಲ್ಲದರಲ್ಲೂ ಪೈಪೋಟಿ. ಮಂಡಿನೋವಿನಲ್ಲೂ ಒಬ್ಬರಿಗಿಂತ ಒಬ್ಬರು ಮುಂದು. ಕಪಾಟಿನಿಂದ ಪುಸ್ತಕ ಹೊರಬಂದದ್ದು ಆಗಲೇ ಇರಬೇಕು. ಹೋಗುವಾಗ ಅಮ್ಮ ಯಾಕೋ ಜಾರಿದ ಕನ್ನಡಕ ಏರಿಸಿಕೊಳ್ಳುತ್ತ ಮುಸಿಮುಸಿ ನಗುತ್ತಿದ್ದರು. ಹಲ್ಲಿನ ಗುಟ್ಟು ಅವರೇ ಬಿಟ್ಟುಕೊಟ್ಟಿರಬೇಕು.

ಅತ್ತೆ ಒಳಗೆ ಬಂದರು. ಕೂರಲಿಲ್ಲ. ಪುಸ್ತಕದ ನಡುವೆ ಬೆರಳಿಟ್ಟಿದ್ದರು.

“ಅಳಿಯಂದಿರೇ, ಈ ಕೋಣೆ ನಿಮಗೆ ಕೊಟ್ಟೋರು ಯಾರು?”

“ನೀವು, ಅತ್ತೆ.”

“ಬೆಳಕು ಸಾಕಾಗುತ್ತಾ?”

“ಧಾರಾಳವಾಗಿದೆ, ಅತ್ತೆ.”

“ನಾಳೆಯಿಂದ ಇಲ್ಲಿ ಹಳೇ ಹಾಸಿಗೆ ತುಂಬೋಣ ಅಂತಿದ್ದೀನಿ. ಅವಕ್ಕಾದರೂ ಉಪಕಾರಸ್ಮರಣೆ ಇರುತ್ತೆ.”

ಅವನು ಎದ್ದು ನಿಂತು ಕೈಮುಗಿದ. “ತಪ್ಪಾಯ್ತು ಅತ್ತೆ. ನಿಮ್ಮನ್ನ ಒಂದು ಮಾತು ಕೇಳದೆ, ಕದ್ದು ನೋಡಿ ಬರೆದೆ. ಆ ಹಲ್ಲು, ಆ ಕೂದಲು, ಆ ಬಾಯಿ, ಎಲ್ಲಾ ನಿಮ್ಮದೇ. ಆದರೆ ಈಗ ಬಿಟ್ಟುಬಿಟ್ಟಿದ್ದೀನಿ. ಬೇಕಾದರೆ ಹೊಸ ಪುಸ್ತಕ ನೋಡಿ. ಅದರಲ್ಲಿ ನಿಮ್ಮದು ಒಂದು ಎಳೆ ಕೂದಲೂ ಇಲ್ಲ.”

ಅತ್ತೆ ಬೆರಳಿಟ್ಟಿದ್ದ ಪುಟ ಬಿಡಿಸಿ ಪುಸ್ತಕವನ್ನು ಅವನ ಮೇಜಿನ ಮೇಲಿಟ್ಟರು. ಅದು ಹೊಸದೇ.

“ಕದ್ದು ನೋಡಿದರಂತೆ. ದವಡೆ ಬಿದ್ದುಹೋಗೋ ಹಾಗೆ ಇಷ್ಟು ವರ್ಷ ಬಾಯಿ ತೆಗೆದುಕೊಂಡು ಕೂತವಳು ನಾನು, ಈಗ ರಾಕ್ಷಸಿ ಪಾತ್ರ ಹೋಗಿದ್ದು ಮಾತ್ರ ನಿಮ್ಮಮ್ಮನಿಗೆ.”